ನೂರಕ್ಕೆ ನಾಲ್ಕು ರೂಪಾಯಿ ಹದಿಮೂರು ಪೈಸೆ: ನನ್ನ ಕಾರ್ಡಿನ ಲೆಕ್ಕ

ತುಮಕೂರಿನ ಮಂಡಿಪೇಟೆ ಹತ್ತಿರ ನಮ್ಮದು ಮೋಟರ್ ರಿವೈಂಡಿಂಗ್ ಅಂಗಡಿ. ಗುಬ್ಬಿ, ಶಿರಾ ಕಡೆಯ ರೈತರು ಸುಟ್ಟ ಬೋರ್‌ವೆಲ್ ಮೋಟರ್ ಹೊತ್ತು ತರುತ್ತಾರೆ. ಬೇಸಿಗೆಯಲ್ಲಿ ಕೆಲಸ ಜಾಸ್ತಿ, ಕೈಗೆ ಬರುವ ಕಾಸು ಕಮ್ಮಿ. ‘ತಿಪಟೂರಲ್ಲಿ ಕೊಬ್ಬರಿ ಮಾರಿದ ಮೇಲೆ ಕೊಡ್ತೀನಣ್ಣ’ ಅಂದರೆ ಇಲ್ಲ ಅನ್ನೋಕೆ ಆಗುತ್ತಾ? ತಾಮ್ರದ ವೈರ್ ಕೊಡುವವನು ಮಾತ್ರ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಕ್ರೆಡಿಟ್ ಕಾರ್ಡ್ ಉಜ್ಜುತ್ತಿದ್ದೆ.

ಮೊದಲ ಪೆಟ್ಟು ಬಿದ್ದಿದ್ದು ಐನೂರು ರೂಪಾಯಿಗೆ. ಬಿಲ್ 31,500 ಬಂದಿತ್ತು, ಅಕೌಂಟಿನಲ್ಲಿ ಇದ್ದಿದ್ದು 31,000, ಅಷ್ಟು ಕಟ್ಟಿದೆ. ಉಳಿದ ಐನೂರಕ್ಕೆ ಹದಿನೈದು ಇಪ್ಪತ್ತು ರೂಪಾಯಿ ಬಡ್ಡಿ ಬಂದೀತು ಅಂದುಕೊಂಡೆ. ಮುಂದಿನ ಬಿಲ್‌ನಲ್ಲಿ ಜಿಎಸ್‌ಟಿ ಸೇರಿ 1,280ರ ಆಸುಪಾಸು. ಬ್ಯಾಂಕಿಗೆ ಫೋನ್ ಮಾಡಿ ಜಗಳ ಆಡಿದೆ. ಐನೂರಕ್ಕಲ್ಲ ಸಾರ್, ಪೂರ್ತಿ ಕಟ್ಟದಿದ್ದರೆ ಇಡೀ ಮೊತ್ತಕ್ಕೆ, ಅದೂ ಉಜ್ಜಿದ ದಿನದಿಂದಲೇ ಬಡ್ಡಿ ಅಂದಳು ಫೋನ್ ಎತ್ತಿದ ಹುಡುಗಿ.

ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಮುಂದಿನ ಬೇಸಿಗೆಗೆ ಬಾಕಿ 80 ಸಾವಿರ ಮುಟ್ಟಿತು. ತಿಂಗಳಿಗೆ ‘ಮಿನಿಮಮ್ ಡ್ಯೂ’, ಅಂದರೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, 4,000ದ ಆಸುಪಾಸು ಕಟ್ಟುತ್ತಾ ಆರಾಮಾಗಿದ್ದೆ. ಹನ್ನೊಂದು ತಿಂಗಳಲ್ಲಿ ಕಟ್ಟಿದ್ದು ಹೆಚ್ಚೂಕಮ್ಮಿ 42 ಸಾವಿರ. ಸಾಲ ಇಳಿದಿದ್ದು? ಏಳು ಸಾವಿರ ಚಿಲ್ಲರೆ.

ಆಗ ವೈರಿನ ತೂಕ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕಕ್ಕೆ ಕೂತೆ. ವರ್ಷಕ್ಕೆ 42 ಪರ್ಸೆಂಟ್ ಅಂದರೆ ನನ್ನ ತಲೆಗೆ ಹತ್ತುವುದಿಲ್ಲ. ನಮ್ಮ ಕಡೆ ಬಡ್ಡಿ ಕೇಳುವುದೇ ನೂರಕ್ಕೆ ಎಷ್ಟು ರೂಪಾಯಿ ಅಂತ. ತಿಂಗಳಿಗೆ ಮೂರೂವರೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ: ನೂರಕ್ಕೆ ನಾಲ್ಕು ರೂಪಾಯಿ ಹದಿಮೂರು ಪೈಸೆ! ಪೇಟೆಯಲ್ಲಿ ಮೂರು ರೂಪಾಯಿ ಬಡ್ಡಿಗೆ ಕೊಡುವವನನ್ನು ನಾವೆಲ್ಲ ರಕ್ತ ಹೀರ್ತಾನೆ ಅಂತ ಬೈಯುತ್ತೇವೆ, ಅಲ್ವಾ? ನನ್ನ ಪರ್ಸಿನಲ್ಲಿ ಅವನ ಅಣ್ಣನೇ ಕೂತಿದ್ದ.

ಇನ್ನೊಂದು ಆಮೇಲೆ ಕಂಡಿತು. ಬಾಕಿ ಇರುವಾಗ ಹೊಸದಾಗಿ ಉಜ್ಜಿದ್ದಕ್ಕೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. 20 ಸಾವಿರದ ವೈರಿಗೆ ಒಂಬೈನೂರ ಚಿಲ್ಲರೆ ಬಡ್ಡಿ ಬಿದ್ದಿತ್ತು. ಅದೇ ವೈರಿಗೆ 200 ರಿವಾರ್ಡ್ ಪಾಯಿಂಟ್ ಬಂತು ಅಂತ ನಾನು ಖುಷಿಪಟ್ಟಿದ್ದೆ. ಪಾಯಿಂಟಿಗೆ 25 ಪೈಸೆ, ಅಂದರೆ ಐವತ್ತು ರೂಪಾಯಿ.

ನಾನು ಮಾಡಿದ್ದು ಇಷ್ಟೇ. ಕಾರ್ಡ್ ಉಜ್ಜುವುದನ್ನು ಅವತ್ತೇ ನಿಲ್ಲಿಸಿದೆ. ಹೆಂಡತಿಯ ಸರ ಸೊಸೈಟಿಯಲ್ಲಿ ಅಡ ಇಟ್ಟೆ, ನೂರಕ್ಕೆ ಒಂದು ರೂಪಾಯಿ ಬಡ್ಡಿ. ‘ಕಾರ್ಡಿನ ಸಾಲಕ್ಕೆ ಯಾರಾದರೂ ಒಡವೆ ಇಡ್ತಾರೇನ್ರೀ?’ ಅಂತ ಅವಳು ಎರಡು ದಿನ ಮಾತು ಬಿಟ್ಟಳು. ‘ಒಂದು ಗುಂಡಿ ಮುಚ್ಚೋಕೆ ಇನ್ನೊಂದು ಗುಂಡಿ ತೋಡ್ತಿದ್ದೀರ ಭಾವ’ ಅಂತ ಭಾವಮೈದ ನಕ್ಕ. ಎಂಟು ತಿಂಗಳಲ್ಲಿ ಸರ ಬಿಡಿಸಿದೆ. ಒಟ್ಟು ಬಡ್ಡಿ ಮೂರು ಸಾವಿರದ ಮೇಲೆ ಸ್ವಲ್ಪ. ಕಾರ್ಡ್ ಅಷ್ಟನ್ನು ಒಂದೇ ತಿಂಗಳಲ್ಲಿ ನುಂಗುತ್ತಿತ್ತು.

ಒಂದು ಎಚ್ಚರ. ಪೂರ್ತಿ ತೀರಿಸಿದ ಮೇಲೂ ಮುಂದಿನ ಬಿಲ್‌ನಲ್ಲಿ 1,600 ಚಿಲ್ಲರೆ ಬಂತು. ಬಿಲ್ ಆದ ದಿನದಿಂದ ನಾನು ಕಟ್ಟಿದ ದಿನದವರೆಗಿನ ಬಾಲ ಅದು. ಮುಗೀತು ಅಂತ ಆ ಬಿಲ್ ನೋಡದೆ ಬಿಟ್ಟರೆ ಲೇಟ್ ಫೀ ಬೇರೆ.

ನೋಟ್‌ಬುಕ್ ಶುರುವಾದ ಮೇಲೆ ಹುಚ್ಚು ಹಿಡಿಯಿತು. ಸುಮ್ನೆ ನೋಡೋಣ ಅಂತ ಎಟಿಎಂನಲ್ಲಿ ಕಾರ್ಡ್ ಹಾಕಿ ಐದು ಸಾವಿರ ತೆಗೆದೆ. ಫೀ 500, ಜಿಎಸ್‌ಟಿ ಸೇರಿ 590, ಬಡ್ಡಿ ಆ ಗಳಿಗೆಯಿಂದಲೇ. ‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿ ಇಲ್ಲ ಅನ್ನುವ ಕಂತಿನಲ್ಲಿ ಮಿಕ್ಸಿ ತೆಗೆದುಕೊಂಡೆ. ಪ್ರೊಸೆಸಿಂಗ್ ಫೀ ಅಂತ 235 ಹೋಯಿತು, ತಿಂಗಳು ತಿಂಗಳು ಒಳಗೊಳಗೇ ಲೆಕ್ಕ ಹಾಕುವ ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ. ಪೆಟ್ರೋಲಿಗೆ ಕಾರ್ಡ್ ಉಜ್ಜಿದರೆ ಹಾಕುವ ಒಂದು ಪರ್ಸೆಂಟ್ ಫೀ ವಾಪಸ್ ಬರುತ್ತೆ, ಅದರ ಜಿಎಸ್‌ಟಿ ಬರಲ್ಲ. ಚಿಲ್ಲರೆ ವಿಷಯ, ಆದರೂ ಬರೆದಿಟ್ಟಿದ್ದೇನೆ.

ಈಗ ಮತ್ತೆ ಕಾರ್ಡ್ ಬಳಸುತ್ತೇನೆ. ಬಿಲ್ ಆದ ಮಾರನೇ ದಿನ ವೈರ್ ತರುತ್ತೇನೆ, ನಲವತ್ತೆಂಟು ದಿನ ಪುಕ್ಕಟೆ. ವೈರಿನವನು ಸ್ವೈಪಿಗೆ ಕೇಳುವ ಎರಡು ಪರ್ಸೆಂಟ್ ಹೇಗೆ ಬಿಡಿಸಿದೆ, ವರ್ಷದ ಫೀ ಹೇಗೆ ತೆಗೆಸಿದೆ ಅನ್ನುವುದನ್ನು ಮಾತ್ರ ಕೇಳಬೇಡಿ. ಇಲ್ಲಿ ಬರೆದರೆ ನಾಳೆಯಿಂದ ನನಗೂ ಸಿಗಲ್ಲ. ಒಂದೂವರೆ ವರ್ಷದಿಂದ ಕಾರ್ಡಿಗೆ ಒಂದು ಪೈಸೆ ಬಡ್ಡಿ ಕಟ್ಟಿಲ್ಲ.

ಹೋದ ವಾರ ಭಾವಮೈದ ತನ್ನ ಮೂರು ತಿಂಗಳ ಬಿಲ್ ಮಡಚಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಬಂದಿದ್ದ. ಲೇಟ್ ಫೀ ಎಲ್ಲ ಸೇರಿಸಿ ಲೆಕ್ಕ ಹಾಕಿಕೊಟ್ಟೆ. ಅವನದು ನೂರಕ್ಕೆ ಐದು ರೂಪಾಯಿ ದಾಟಿತ್ತು.