ನೆರೆಯವರ ಚಕ್ಕುಬಂದಿಯಲ್ಲಿ ಸಿಕ್ಕಿದ ನಮ್ಮ ಮನೆ

ಕಾಪುವಿನ ಕಡಲ ಬದಿಯಲ್ಲಿರುವ ಅಜ್ಜಿಮನೆಗೆ ಇನ್ನೂರು ವರ್ಷ ಎಂದು ಮಾವಂದಿರ ವಾದ; ಅದರ ನಿಜವಾದ ವಯಸ್ಸು ಹುಡುಕಲು ನಾನು ಹೊರಟೆ. ದೊಡ್ಡಮಾವನ ಮಗ ಹಂಚೊಂದನ್ನು ಇಳಿಸಿ ತಂದು, ‘1865 ಎಂದು ಅಚ್ಚೇ ಇದೆ, ಇನ್ನೇನು ಸಂಶೋಧನೆ ಭಾವ?’ ಎಂದ. ಅದು ಹಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಹುಟ್ಟಿದ ವರ್ಷ. ಇದನ್ನು ಅವನಿಗೆ ತಿಳಿಸುವಷ್ಟರಲ್ಲಿ ನನಗೆ ಸಾಕಾಯಿತು.

ದುಡ್ಡು ಹೋದದ್ದನ್ನು ಮೊದಲು ಹೇಳಿಬಿಡುತ್ತೇನೆ. ಚಾವಡಿಯ ಹಲಸಿನ ಕಂಬದ ಚೂರನ್ನು ಇಂಗಾಲದ ಕಾಲಮಾಪನಕ್ಕೆ ಕಳುಹಿಸಿ ಇಪ್ಪತ್ತೆರಡು ಸಾವಿರದಷ್ಟು ಸುರಿದೆ. ಸುಮಾರು 1660ರಿಂದ 1950ರೊಳಗೆ ಯಾವಾಗಲಾದರೂ ಆಗಿರಬಹುದು ಎಂದು ಉತ್ತರ ಬಂತು! ಈಚಿನ ಮುನ್ನೂರು ವರ್ಷದ ಮರಕ್ಕೆ ಆ ಲೆಕ್ಕ ಹೀಗೆಯೇ ಕೈಕೊಡುತ್ತದೆ, ಮೊದಲೇ ವಿಚಾರಿಸಬೇಕಿತ್ತು. ಮನೆಯ ಕಾಗದಗಳನ್ನು ಗೆದ್ದಲು ತಿಂದಿತ್ತು. ಸರ್ವೆ ನಂಬರ್ ಹಿಡಿದು ಎರಡು ತಿಂಗಳು ಕಚೇರಿ ಅಲೆದೆ. ನಮಗೆ ಬೇಕಾದಷ್ಟು ಹಳೆಯ ದಸ್ತಾವೇಜುಗಳಲ್ಲಿ ಆ ನಂಬರೇ ಇರಲಿಲ್ಲ.

ಆಗ ಹೊಳೆಯಿತು: ನಮ್ಮ ಕಾಗದ ಹೋದರೇನು, ನೆರೆಯವರ ಕಾಗದದಲ್ಲಿ ನಮ್ಮ ಮನೆ ಗಡಿಯಾಗಿ ನಿಂತಿರಲೇಬೇಕಲ್ಲ? ಮಾವಂದಿರು ನಕ್ಕರು. ಮೂಡುಬದಿಯ ಹಿತ್ತಿಲಿನವರ ಮೂಲಗೇಣಿ (ಶಾಶ್ವತ ಗೇಣಿ) ಚೀಟಿನ ಚಕ್ಕುಬಂದಿಯಲ್ಲಿ, ಎಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, 1887 ಇರಬೇಕು, ‘ಪಡುವಲಾಗಿ ಹುಲ್ಲಿನ ಮನೆ’ ಎಂದಿತ್ತು. ತೆಂಕುಬದಿಯವರ 1909ರ ಅಡಮಾನ ಪತ್ರದಲ್ಲಿ ಅದೇ ಮನೆ ‘ಹಂಚಿನ ಮನೆ’ಯಾಗಿತ್ತು, ಅಂದರೆ ಹಂಚು ಬಂದದ್ದು ಈ ನಡುವೆ. ಆ ಪತ್ರಗಳ ಮೋಡಿ ಬರಹ (ಅಕ್ಷರ ಕೂಡಿಸಿ ಬರೆದ ಹಳೆಯ ಕೈಬರಹ) ಓದಿಸಲು ಒಬ್ಬರಿಗೆ ಸಾವಿರದ ಎಂಟುನೂರು ಕೊಟ್ಟಿದ್ದೆ. ಅವರು ‘ಹುಲ್ಲಿನ’ ಎಂಬುದನ್ನು ‘ಹೊಲದ’ ಎಂದು ಓದಿದ್ದರು. ಕೊನೆಗೆ ನಾನೇ ಕಲಿತೆ.

ಕಾಗದವೊಂದನ್ನೇ ನಂಬದೆ ಅಟ್ಟ ಹತ್ತಿದೆ. ತ್ರಿಕೋನದ ಗೋಡೆಯ ಮೇಲೆ ಈಗಿನ ಮಾಡಿಗಿಂತ (ಚಾವಣಿಗಿಂತ) ಕಡಿದಾಗಿ ಇಳಿದ ಮಸಿಗೆರೆ ಕಂಡಿತು. ಅದು ಮುಳಿಹುಲ್ಲಿನ ಮಾಡಿನ ಇಳಿಜಾರು. ಅದರ ಇಬ್ಬದಿಯಲ್ಲಿ ಗೋಡೆ ಎತ್ತರಿಸಲು ಕೂರಿಸಿದ ಮುರಕಲ್ಲಿಗೆ ಮಸಿಯೇ ಹಿಡಿದಿಲ್ಲ. ಪಡುಗಾಳಿಗೆ ಸಿಕ್ಕುವ ಬದಿಯ ಹಂಚುಗಳನ್ನು ಎಷ್ಟು ಸಲ ಬದಲಿಸಿದ್ದಾರೋ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಳಅಂಗಳದ ಮಾಡಿನಲ್ಲಿ ಹಳೆಯ ಅಚ್ಚಿನವು ನಲವತ್ತರಷ್ಟು ಉಳಿದಿದ್ದವು.

ನಡುವೆ ಒಂದು ಹುಚ್ಚಾಟವೂ ಆಯಿತು. ಹಳೆಯ ಹಂಚು ಹೆಚ್ಚು ನೀರು ಕುಡಿಯುತ್ತದೆಯೇ ನೋಡೋಣವೆಂದು ಹತ್ತಾರು ಹಂಚುಗಳನ್ನು ರಾತ್ರಿಯಿಡೀ ನೆನೆಸಿ ತೂಗಿದೆ. ಹೊಸದಕ್ಕೂ ಹಳೆಯದಕ್ಕೂ ತಾಳೆಯೇ ಇಲ್ಲ. ಅತ್ತೆಯ ಅಕ್ಕಿ ತೂಗುವ ತಕ್ಕಡಿ ಮಾತ್ರ ಕೆಟ್ಟಿತು.

ಒಟ್ಟು ಮೂವತ್ತು ಸಾವಿರದ ಹತ್ತಿರ ಹೋಗಿರಬೇಕು. ಕೆಲಸಕ್ಕೆ ಬಂದದ್ದು ದೃಢೀಕೃತ ನಕಲುಗಳಿಗೆ ಕೊಟ್ಟ ಏಳೆಂಟುನೂರು ಮಾತ್ರ. ಪೆಟ್ಟಿಗೆ ತೆರೆದು ಕಾಗದ ತೋರಿಸುವಂತೆ ನೆರೆಯವರನ್ನು ಒಪ್ಪಿಸಿದ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಅದೇ ಕೇರಿಯಲ್ಲಿ ಇನ್ನೆರಡು ಮನೆಗಳ ಕೆಲಸ ಒಪ್ಪಿಕೊಂಡಿದ್ದೇನೆ.