ನುಂಗುವವನು ಅಗಿಯಲು ಕಲಿತದ್ದು

ನಮ್ಮ ಕಡೆ ಮುದ್ದೆಯನ್ನು ಅಗಿಯುವವನಿಗೆ ಊಟ ಮಾಡಲು ಬರುವುದಿಲ್ಲ ಎನ್ನುತ್ತಾರೆ. ಮಂಡ್ಯ ಸೀಮೆಯ ಮಕ್ಕಳಿಗೆ ಈ ಪಾಠವನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಬೇಕಾಗಿಲ್ಲ. ಮುರಿ, ಉಂಡೆ ಮಾಡು, ಸಾರಿನಲ್ಲಿ ಹೊರಳಿಸು, ನುಂಗು. ನಲವತ್ತನಾಲ್ಕು ವರ್ಷ ನಾನೂ ಹಾಗೆಯೇ ನುಂಗಿದೆ. ಊರಹಬ್ಬದ ಮುದ್ದೆ ಉಣ್ಣುವ ಸ್ಪರ್ಧೆಯಲ್ಲಿ ಎರಡನೇ ಬಹುಮಾನವಾಗಿ ಬಂದ ಸ್ಟೀಲ್ ಪಾತ್ರೆ ಈಗಲೂ ಅಟ್ಟದ ಮೇಲಿದೆ. ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾದ ಮೇಲೆ ವೇಗ ಇನ್ನೂ ಹೆಚ್ಚಿತು. ಬಿಸಿಯೂಟದ ಉಸ್ತುವಾರಿ, ಹುಡುಗರ ಜಗಳ, ಮುಖ್ಯೋಪಾಧ್ಯಾಯರ ಕರೆ ಎಲ್ಲ ಮುಗಿದ ಮೇಲೆ ನನ್ನ ಡಬ್ಬಿಗೆ ಉಳಿಯುತ್ತಿದ್ದದ್ದು ಏಳೆಂಟು ನಿಮಿಷ. ಅಷ್ಟರಲ್ಲಿ ಡಬ್ಬಿ ಖಾಲಿಯಾಗಿ, ಕೈ ತೊಳೆದು, ಸೀಮೆಸುಣ್ಣ ಹಿಡಿದಿರುತ್ತಿದ್ದೆ.

2021ರ ನವೆಂಬರಿನಲ್ಲಿ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆಗ ನನ್ನ ತೂಕ 132 ಕಿಲೋ, ಎತ್ತರಕ್ಕೆ ತೂಕವನ್ನು ಹೋಲಿಸುವ ಅಳತೆಯಾದ ಬಿಎಂಐ 43. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುತ್ತಿತ್ತು. ಈ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯೊಂದನ್ನು ಉಳಿಸುತ್ತಾರೆ. ಅದು ನೂರರಿಂದ ನೂರೈವತ್ತು ಮಿಲಿಲೀಟರ್ ಹಿಡಿದರೆ ಹೆಚ್ಚು. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಕತ್ತರಿಸಿದ ತುಂಡಿನ ಜೊತೆಗೇ ಹೋಗುತ್ತದೆ. ಹಾಗಾಗಿ ಮೊದಲ ಕೆಲವು ತಿಂಗಳು ಹಸಿವೆನ್ನುವುದೇ ಇರಲಿಲ್ಲ. ಮನೆಗೆ ಕಳಿಸುವಾಗ ಶಸ್ತ್ರಚಿಕಿತ್ಸಕರು, "ಮೇಷ್ಟ್ರೇ, ನಾವು ಕತ್ತರಿಸಿರುವುದು ಹೊಟ್ಟೆಯನ್ನು ಮಾತ್ರ, ಕೈ ಹಾಗೆಯೇ ಇದೆ" ಎಂದಿದ್ದರು. ತಮಾಷೆ ಎಂದುಕೊಂಡು ನಕ್ಕಿದ್ದೆ.

ಮೊದಲ ವಾರಗಳು ಸಲೀಸು. ತಿಳಿ ಸಾರು, ನೀರು ಮಜ್ಜಿಗೆ, ಆಮೇಲೆ ಸೋಸಿದ ರಾಗಿ ಅಂಬಲಿ, ಹಾಲಿಗೆ ಪ್ರೋಟೀನ್ ಪುಡಿ, ಅದಾದ ಮೇಲೆ ನುಣ್ಣಗೆ ಅರೆದ ಬೇಳೆ, ಮೊಸರು, ಮೆತ್ತಗೆ ಬೇಯಿಸಿದ ಮೊಟ್ಟೆ. ಗುಟುಕು ಗುಟುಕಾಗಿ ಕುಡಿಯುವುದಕ್ಕೆ ಯಾವ ವಿದ್ಯೆಯೂ ಬೇಕಾಗಿಲ್ಲ. ಕಷ್ಟ ಶುರುವಾದದ್ದು ಗಟ್ಟಿ ಪದಾರ್ಥ ಬಾಯಿಗೆ ಬಂದ ಮೇಲೆ.

ಏಳನೆಯ ವಾರ ಶಾಲೆಗೆ ಹೋಗತೊಡಗಿದ್ದೆ. ಡಬ್ಬಿಯಲ್ಲಿ ಮೆತ್ತಗೆ ಬೆಂದ ಹುರುಳಿಕಾಳು, ಮೊಸರು ಇದ್ದವು. ಜೊತೆಗೆ ಅವ್ವ ಯಾರಿಗೂ ಹೇಳದೆ ಒಂದು ಚೂರು ಮುದ್ದೆ ಇಟ್ಟಿದ್ದಳು. ಆಸ್ಪತ್ರೆಯ ಆಹಾರ ತಜ್ಞೆ ಮುದ್ದೆ, ಬ್ರೆಡ್, ಚಪಾತಿಯಂಥ ಅಂಟು ಪದಾರ್ಥ ಸದ್ಯಕ್ಕೆ ಬೇಡ ಎಂದು ಬರೆದುಕೊಟ್ಟಿದ್ದರು. ಚೂರು ತಾನೇ ಎಂದು ಮುರಿದೆ, ಹೊರಳಿಸಿದೆ, ನುಂಗಿಯೂಬಿಟ್ಟೆ. ಎಲ್ಲ ಕೈಯೇ ಮಾಡಿತು, ನಾನು ಪಕ್ಕದ ಸಹೋದ್ಯೋಗಿಯ ಜೊತೆ ವೇತನ ಬಡ್ತಿಯ ವಿಷಯ ಮಾತಾಡುತ್ತಿದ್ದೆ. ಅರ್ಧ ನಿಮಿಷಕ್ಕೆ ಎದೆಯ ಮೂಳೆಯ ಹಿಂದೆ ಯಾರೋ ಮುಷ್ಟಿ ಇಟ್ಟು ಒತ್ತಿದಂತಾಯಿತು. ಬಾಯಿ ತುಂಬ ನೀರೂರಿತು. ಕೊಠಡಿಯ ಮೂಲೆಯ ಸಿಂಕಿಗೆ ಬಾಗಿ ನಿಂತೆ. ಬಂದದ್ದು ಅನ್ನವೂ ಅಲ್ಲ, ಪಿತ್ತವೂ ಅಲ್ಲ, ಬರೀ ನೊರೆ. ಬಿಳಿಯ, ಅಂಟಂಟಾದ ನೊರೆ ಇಪ್ಪತ್ತು ನಿಮಿಷ ಬಂತು. ಕೊನೆಗೆ ಹುಣಸೆ ಬೀಜದ ಎರಡರಷ್ಟಿದ್ದ ಮುದ್ದೆ, ನುಂಗಿದ ಆಕಾರದಲ್ಲಿಯೇ ಹೊರಗೆ ಬಿತ್ತು. ಇಷ್ಟು ಸಣ್ಣ ವಸ್ತು ಇಷ್ಟು ದೊಡ್ಡ ಮನುಷ್ಯನನ್ನು ಮಡಚಿ ಹಾಕಿತ್ತು.

ಆಹಾರ ತಜ್ಞೆಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ಮುಂದಿನ ಸಲ ಬಂದಾಗ ಹೆಂಡತಿಯನ್ನೂ ಕರೆತನ್ನಿ ಎಂದರು. ಹೋದಾಗ ಇಬ್ಬರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಇಟ್ಟು, ನೋಡಿ, ಮೂಸಿ, ಕಿವಿಯ ಹತ್ತಿರ ಹಿಸುಕಿ, ನಾಲಿಗೆಯ ಮೇಲೆ ಇಟ್ಟುಕೊಂಡು ಕಾಯಿರಿ, ಆಮೇಲೆ ಅಗಿಯಿರಿ ಎಂದರು. ಅಮೆರಿಕದಲ್ಲಿ ಜಾನ್ ಕಬಟ್ ಜಿನ್ ಎಂಬುವರು 1979ರಲ್ಲಿ ಆರಂಭಿಸಿದ ಒತ್ತಡ ಇಳಿಸುವ ತರಬೇತಿಯಿಂದ ಈ ದ್ರಾಕ್ಷಿ ಪಾಠ ಹೆಸರಾಯಿತಂತೆ. ಹೆಂಡತಿ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ನನಗೂ ಪೆಚ್ಚೆನಿಸಿತು. ಆದರೆ ಅದನ್ನು ಅಗಿಯುವಾಗ ಒಳಗಿನ ಸಣ್ಣ ಬೀಜದ ಒಗರು ಹಲ್ಲಿಗೆ ಸಿಕ್ಕಿತು. ಅಷ್ಟು ವರ್ಷ ಪಾಯಸದಲ್ಲಿ ದ್ರಾಕ್ಷಿ ತಿಂದಿದ್ದೇನೆ, ಒಗರು ಇರುತ್ತದೆ ಎಂದು ಗೊತ್ತೇ ಇರಲಿಲ್ಲ. ಮನೆಗೆ ಬಂದು ಇದೇ ಪಾಠವನ್ನು ಬೇಯಿಸಿದ ಕಡಲೆಕಾಯಿಯ ಮೇಲೆ ಮಾಡತೊಡಗಿದೆ. ಸಿಪ್ಪೆ ಬಿಡಿಸುವ ಕೆಲಸ ಇರುವುದರಿಂದ ಅದು ತಾನಾಗಿಯೇ ನಿಧಾನ.

ಎಲ್ಲರೂ ಹೇಳುವ ಸಲಹೆ, ಪ್ರತಿ ತುತ್ತನ್ನೂ ಇಪ್ಪತ್ತೈದು, ಮೂವತ್ತು ಸಲ ಅಗಿಯಿರಿ ಎಂದು. ಗಣಿತದವನಾದ್ದರಿಂದ ಶ್ರದ್ಧೆಯಿಂದ ಎಣಿಸಿದೆ. ನನಗೆ ಇದು ಒಗ್ಗಲಿಲ್ಲ. ಮನಸ್ಸೆಲ್ಲ ಅಂಕಿಯ ಮೇಲೆ. ಇಪ್ಪತ್ತೆರಡಕ್ಕೆ ಬರುವಾಗ ಬಾಯಿ ಖಾಲಿಯಾಗಿರುತ್ತಿತ್ತು, ಯಾವಾಗ ನುಂಗಿದೆ ಎಂದು ತಿಳಿಯುತ್ತಿರಲಿಲ್ಲ. ಬದಲಿಗೆ ಬೇರೊಂದು ಗುರುತು ಇಟ್ಟುಕೊಂಡೆ. ಬಾಯಲ್ಲಿರುವುದು ಕಾಳೋ, ಸೊಪ್ಪೋ, ಮಾಂಸವೋ ಎಂದು ನಾಲಿಗೆಗೆ ಬೇರೆ ಬೇರೆಯಾಗಿ ತಿಳಿಯುತ್ತಿರುವಷ್ಟು ಹೊತ್ತು ನುಂಗುವಂತಿಲ್ಲ. ಎಲ್ಲ ಒಂದೇ ಸಮ ಅಂಬಲಿಯಾದ ಮೇಲೆ ಇಳಿಸಬೇಕು. ಲೆಕ್ಕವಿಲ್ಲದ ಈ ಲೆಕ್ಕ ಇವತ್ತಿಗೂ ನಡೆಯುತ್ತಿದೆ.

ಆಸ್ಪತ್ರೆಯವರು ಮಕ್ಕಳ ಚಮಚ ಕೊಂಡುಕೊಳ್ಳಿ ಎಂದಿದ್ದರು. ಕೊಂಡೆ, ಒಂದು ವಾರ ಬಳಸಿದೆ, ಬಿಟ್ಟೆ. ಚಮಚ ನೇರವಾಗಿ ಬಾಯಿಗೆ ಬರುತ್ತದೆ. ಬೆರಳಿಗೆ ಮೊದಲು ಬಿಸಿ ಎಷ್ಟು, ಗಟ್ಟಿ ಎಷ್ಟು, ನಾರು ಇದೆಯೇ ಎಂದು ಗೊತ್ತಾಗುತ್ತದೆ. ಮೂರು ಬೆರಳ ತುದಿಯಲ್ಲಿ ಹುಣಸೆ ಬೀಜದಷ್ಟು ತುತ್ತು. ಅದು ಬಾಯಿಗೆ ಹೋದೊಡನೆ ಕೈ ತಟ್ಟೆಗೆ ವಾಪಸ್ ಹೋಗಬಾರದು, ಮಂಡಿಯ ಮೇಲೆ ಕೂರಬೇಕು. ಹೇಳುವುದಕ್ಕೆ ಸುಲಭ. ಬಾಯಿ ಅಗಿಯುತ್ತಿರುವಾಗಲೇ ಮುಂದಿನ ತುತ್ತನ್ನು ಕಟ್ಟುತ್ತಿರುವುದು ನನ್ನ ಬಲಗೈಯ ಹಳೆಯ ಕಸುಬು. ಅದನ್ನು ಬಿಡಿಸಲು ನಾಲ್ಕು ತಿಂಗಳು ಹಿಡಿಯಿತು. ಮಂಡಿಯ ಮೇಲೆ ಹಳೆಯ ಟವೆಲ್ ಹಾಸಿಕೊಂಡು, ಪ್ರತಿ ತುತ್ತಿಗೂ ಬೆರಳು ಒರೆಸಿಕೊಳ್ಳುತ್ತಿದ್ದೆ. ಒರೆಸಿದ ಕೈ ಮತ್ತೆ ಸಾರಿಗೆ ಇಳಿಯಲು ಸ್ವಲ್ಪ ಹಿಂಜರಿಯುತ್ತದೆ, ಆ ಹಿಂಜರಿಕೆಯೇ ನನಗೆ ಬೇಕಾಗಿದ್ದದ್ದು.

ಹೊಟ್ಟೆ ತುಂಬಿತು ಎಂಬ ಸುದ್ದಿ ತಲೆಗೆ ಮುಟ್ಟಲು ಇಪ್ಪತ್ತು ನಿಮಿಷ ಬೇಕು ಎನ್ನುತ್ತಾರೆ. ಏಳು ನಿಮಿಷದ ಊಟದವನಿಗೆ ಅದು ಯಾವತ್ತೂ ಮುಟ್ಟಿರಲಿಲ್ಲ. ತೇಗು ಬಂದರೆ ಊಟ ಆಯಿತು, ಸೊಂಟದ ಉಡುದಾರ ಬಿಗಿಯಾದರೆ ಚೆನ್ನಾಗಿ ಆಯಿತು, ನಮ್ಮ ಅಳತೆ ಅಷ್ಟೇ. ಈಗ ಸೂಚನೆ ಬೇರೆ ದಾರಿಯಿಂದ ಬರುತ್ತದೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಮೂಗಿನಲ್ಲಿ ನೀರು. ನನಗೆ ಒಂದು ಸೀನು. ಅದಾದ ಮೇಲೆ ಇನ್ನೊಂದು ತುತ್ತು ಹಾಕಿದರೂ ಎದೆ ಒತ್ತುತ್ತದೆ. ಮಗಳು ಇದನ್ನು ನನಗಿಂತ ಮೊದಲೇ ಕಂಡುಹಿಡಿದಳು. "ಅಮ್ಮ, ಅಪ್ಪ ಸೀನಿದರು, ತಟ್ಟೆ ತೆಗಿ" ಎನ್ನುತ್ತಾಳೆ. ತಟ್ಟೆಯಲ್ಲಿ ಅರ್ಧ ಮೊಟ್ಟೆ ಉಳಿದಿರುತ್ತದೆ. ಉಳಿಸಿ ಏಳುವುದು ಮೊದಮೊದಲು ನುಂಗುವುದಕ್ಕಿಂತ ಕಷ್ಟವಾಗಿತ್ತು. ತಟ್ಟೆಯಲ್ಲಿ ಅಗುಳು ಬಿಟ್ಟರೆ ಅಪ್ಪನ ಕೈಯಲ್ಲಿ ಪೆಟ್ಟು ತಿಂದು ಬೆಳೆದವನು ನಾನು. ಉಪಾಯವೆಂದರೆ ಬಡಿಸಿಕೊಳ್ಳುವುದನ್ನೇ ಕಡಿಮೆ ಮಾಡುವುದು. ಮಗಳು ಚಿಕ್ಕವಳಿದ್ದಾಗ ಉಣ್ಣುತ್ತಿದ್ದ ತಟ್ಟೆಯೇ ಈಗ ನನ್ನದು.

ತಟ್ಟೆಯಲ್ಲಿ ಯಾವುದು ಮೊದಲು ಎಂಬುದಕ್ಕೂ ಕ್ರಮವಿದೆ. ದಿನಕ್ಕೆ ಅರವತ್ತರಿಂದ ಎಂಬತ್ತು ಗ್ರಾಂ ಪ್ರೋಟೀನ್ ಬೇಕು, ಜಾಗ ಮಾತ್ರ ಒಂದು ಲೋಟದಷ್ಟೂ ಇಲ್ಲ. ಮೊಟ್ಟೆಯೊಂದರಲ್ಲಿ ಆರು ಗ್ರಾಂ ಇರುತ್ತದೆ, ಉಳಿದದ್ದನ್ನು ಪನೀರು, ಕೋಳಿ, ಕಾಳು, ಪುಡಿ ಸೇರಿ ತುಂಬಬೇಕು. ಆದ್ದರಿಂದ ಕಾಳು, ಮೊಟ್ಟೆ, ಮಾಂಸ ಮೊದಲು. ಆಮೇಲೆ ಪಲ್ಯ. ಅನ್ನವೋ ರೊಟ್ಟಿಯೋ ಕೊನೆಗೆ, ಜಾಗವಿದ್ದರೆ. ಇದೇನೂ ಹೊಸದಲ್ಲ ಎಂದು ಒಂದು ಮದುವೆಯಲ್ಲಿ ಹೊಳೆಯಿತು. ಬಾಳೆ ಎಲೆಗೆ ಮೊದಲು ಬರುವುದು ಹೆಸರುಬೇಳೆಯ ಕೋಸಂಬರಿ, ಪಲ್ಯ. ನಾವು ಅವನ್ನು ಮುಟ್ಟದೆ ಅನ್ನಕ್ಕೆ ಕಾಯುತ್ತಾ ಕೂರುತ್ತಿದ್ದೆವು. ಊಟದ ಜೊತೆ ನೀರು ಇಲ್ಲ, ಮುಗಿದ ಮೇಲೆ ಅರ್ಧ ಗಂಟೆಯವರೆಗೂ ಇಲ್ಲ. ಮಜ್ಜಿಗೆಯಿಲ್ಲದೆ ಎಲೆ ಮಡಚುವ ದುಃಖ ಇನ್ನೂ ಹೋಗಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳ ವಿಷಯ ವೈದ್ಯರು ಹೇಳಿದಂತೆ. ನಾಲ್ಕನೇ ತಿಂಗಳಲ್ಲಿ ಕೂದಲು ಉದುರಿತು, ಮತ್ತೆ ಬಂತು, ಇದ್ದಷ್ಟು.

ಬೀಗರೂಟ ಬೇರೆಯೇ ಪರೀಕ್ಷೆ. ಇನ್ನೊಂದು ತುಂಡು ಹಾಕಿಸಿಕೊಳ್ಳದಿದ್ದರೆ ನಮ್ಮಲ್ಲಿ ಸಂಬಂಧಕ್ಕೇ ಕುಂದು. "ಏನು ಭಾವ, ಗುಬ್ಬಿ ತಿಂದ ಹಾಗೆ ತಿನ್ನುತ್ತೀರಿ" ಎಂದು ಹೆಂಡತಿಯ ತಮ್ಮ ಎಲ್ಲರೆದುರು ಕೇಳಿದ. ಆಪರೇಷನ್ ವಿಷಯ ವಿವರಿಸಲು ಹೋಗಿ ಎರಡು ಸಲ ಸೋತಿದ್ದೇನೆ. ಪಂಕ್ತಿಯಲ್ಲಿ ಕುಳಿತವರಿಗೆ ಕರುಳಿನ ಕಥೆ ಬೇಡ. ಈಗ ನನ್ನ ಜಾಗ ಬದಲಾಗಿದೆ. ಹಲ್ಲಿಲ್ಲದ ಹಿರಿಯರ ಪಕ್ಕ ಹೋಗಿ ಕೂರುತ್ತೇನೆ. ಅವರು ಮೆಲ್ಲಗೆ ಉಣ್ಣುತ್ತಾರೆ, ಅವರನ್ನು ಯಾರೂ ಅವಸರಿಸುವುದಿಲ್ಲ, ಬಡಿಸುವ ಹುಡುಗರೂ ಅತ್ತ ಕಡೆ ಎರಡನೇ ಸಲ ಬರುವುದಿಲ್ಲ. ಒಬ್ಬ ಅಜ್ಜ ಮೃದುವಾದ ಲಿವರಿನ ತುಂಡನ್ನು ಬೆರಳಲ್ಲಿ ನುರಿದು, ಸಾರಿನಲ್ಲಿ ನೆನೆಸಿ, ದವಡೆಯ ಒಂದೇ ಬದಿಗೆ ಸರಿಸಿ ಅರೆಯುವುದನ್ನು ನೋಡುತ್ತಾ ಕಲಿತಷ್ಟನ್ನು ನಾನು ದ್ರಾಕ್ಷಿಯಿಂದ ಕಲಿತಿಲ್ಲ.

ಹದಿನಾಲ್ಕು ತಿಂಗಳಿಗೆ 84 ಕಿಲೋಗೆ ಇಳಿದೆ. ಸಕ್ಕರೆ ಮಾತ್ರೆ ನಿಂತಿತು. ಎಲ್ಲ ಗೆದ್ದೆ ಎಂದುಕೊಂಡ ಮೂರನೇ ವರ್ಷದಲ್ಲಿ ತೂಕ ಸದ್ದಿಲ್ಲದೆ 91ಕ್ಕೆ ಏರಿತು. ಊಟ ಹೆಚ್ಚಿರಲಿಲ್ಲ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತಿದೆ, ಬಾಯಾಡಿಸುವುದು. ಸಂಜೆ ಉತ್ತರ ಪತ್ರಿಕೆ ತಿದ್ದುವಾಗ ಪಕ್ಕದಲ್ಲಿ ಖಾರ ಮಂಡಕ್ಕಿಯ ತಟ್ಟೆ ಇರುತ್ತಿತ್ತು. ಮಂಡಕ್ಕಿ, ಚಿಪ್ಸ್, ಬಿಸ್ಕತ್ತು ಬಾಯಲ್ಲೇ ಕರಗಿ ಆ ಕೊಳವೆಯಲ್ಲಿ ಜಾರಿ ಹೋಗುತ್ತವೆ. ಎದೆ ಒತ್ತುವುದಿಲ್ಲ, ಸೀನು ಬರುವುದಿಲ್ಲ. ನನ್ನ ಕಾವಲುಗಾರ ಮಲಗಿದ್ದ. ಒಂದು ಸಂಜೆ, ಕೈ ತಟ್ಟೆಗೆ ಹೋದಾಗಲೆಲ್ಲ ರಫ್ ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕಿ ಇಟ್ಟೆ. ಮೂವತ್ತು ಪತ್ರಿಕೆ ಮುಗಿಯುವಷ್ಟರಲ್ಲಿ ಅರವತ್ತೆರಡು ಚುಕ್ಕಿ. ಅರವತ್ತೆರಡರಲ್ಲಿ ಒಂದರ ರುಚಿಯೂ ನೆನಪಿರಲಿಲ್ಲ.

ಆಮೇಲೆ ಮಾಡಿದ್ದು ಎರಡೇ ಕೆಲಸ. ಪತ್ರಿಕೆಯ ಮೇಜಿನ ಮೇಲೆ ತಿನಿಸು ಇಡುವುದಿಲ್ಲ, ತಿನ್ನಬೇಕೆನಿಸಿದರೆ ಎದ್ದು ಅಡುಗೆಮನೆಯ ಮಣೆಯ ಮೇಲೆ ಕೂತು ತಿನ್ನಬೇಕು. ಇನ್ನೊಂದು, ಕೈ ಚಾಚುವ ಮೊದಲು ಒಂದು ಪ್ರಶ್ನೆ: ಈಗ ಉಪ್ಪಿಲ್ಲದ ಬೇಯಿಸಿದ ಮೊಟ್ಟೆ ಕೊಟ್ಟರೆ ತಿನ್ನುತ್ತೇನೆಯೇ? ಹೌದಾದರೆ ಹಸಿವು, ಮೊಟ್ಟೆಯನ್ನೇ ತಿನ್ನುತ್ತೇನೆ. ಇಲ್ಲವಾದರೆ ಬಾಯಿ ಚಪಲ, ಅಥವಾ ಹತ್ತನೇ ತರಗತಿಯ ಉತ್ತರಗಳ ಮೇಲಿನ ಸಿಟ್ಟು. ಹತ್ತರಲ್ಲಿ ಏಳು ಸಲ ಸಿಟ್ಟೇ ಆಗಿರುತ್ತದೆ. ಈಗ 86ರ ಆಸುಪಾಸಿನಲ್ಲಿದ್ದೇನೆ. ಕೆಲವು ಸಂಜೆ ಪ್ರಶ್ನೆ ಕೇಳಿಕೊಂಡೂ ಮಂಡಕ್ಕಿ ತಿನ್ನುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ.

ಮುದ್ದೆಯನ್ನು ಪೂರ್ತಿ ಬಿಟ್ಟೆನೆಂದು ಹೇಳಿದರೆ ಊರಿನವರು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ವಾರದ ದಿನಗಳಲ್ಲಿ ರಾಗಿ ರೊಟ್ಟಿಯ ಚೂರು, ಅದನ್ನು ಅಗಿಯದೆ ಗತಿಯಿಲ್ಲ. ಭಾನುವಾರ ಮಾತ್ರ ಅವ್ವ ಎಲ್ಲರಿಗೂ ಮುದ್ದೆ ಕಟ್ಟಿದ ಮೇಲೆ ಪಾತ್ರೆಯ ತಳಕ್ಕೆ ಅಂಟಿದ್ದನ್ನು ಕೆರೆದು, ಒದ್ದೆ ಅಂಗೈಯಲ್ಲಿ ಉರುಳಿಸಿ ನಿಂಬೆಹಣ್ಣಿನ ಗಾತ್ರದ್ದೊಂದನ್ನು ಮಾಡುತ್ತಾಳೆ, ಹಿಂದೆ ನನ್ನ ಮಗಳಿಗೆ ಮಾಡಿಕೊಡುತ್ತಿದ್ದಂತೆ. ಅದನ್ನು ಸ್ವಲ್ಪ ಸ್ವಲ್ಪವಾಗಿ ನಾಲಿಗೆ ಮತ್ತು ಅಂಗುಳಿನ ನಡುವೆ ಒತ್ತಿ, ಬಸ್ಸಾರಿನ ಹನಿಯಲ್ಲಿ ಕರಗಿಸಿಕೊಂಡು ಇಳಿಸುತ್ತೇನೆ. ಹುರಿದ ರಾಗಿಯ ವಾಸನೆ ಮೂಗಿನ ಒಳಗಿನಿಂದ ಬರುತ್ತದೆ. ಅರ್ಧಕ್ಕೆ ಬರುವಷ್ಟರಲ್ಲಿ ಉಳಿದವರೆಲ್ಲ ಕೈ ತೊಳೆದು ಟಿವಿ ಮುಂದೆ ಕೂತಿರುತ್ತಾರೆ. ಅವ್ವ ಮಾತ್ರ ಎದುರಿಗೆ ಕಾಲು ಚಾಚಿಕೊಂಡು ಕೂತಿರುತ್ತಾಳೆ. ಹೋದ ವಾರ ನನ್ನ ತಟ್ಟೆಯ ಸಾರಿಗೆ ಬೆರಳು ಅದ್ದಿ ನೋಡಿ, "ಆರಿಹೋಯಿತಲ್ಲ ಮಗ" ಎಂದು ಅದನ್ನು ಎರಡನೇ ಸಲ ಬಿಸಿ ಮಾಡಲು ಎದ್ದು ಹೋದಳು.