ಜರ್ಮನಿಗೆ ಬಂದವರು ಮೊದಲು ಅಂಚೆ ಪೆಟ್ಟಿಗೆಗೆ ಹೆಸರು ಅಂಟಿಸಿ

ಜರ್ಮನಿಗೆ ಹೊಸದಾಗಿ ಬರುತ್ತಿರುವವರಿಗೆ ಒಂದು ಮಾತು: ಮನೆಯ ಕೀಲಿ ಕೈಗೆ ಬಂದ ದಿನವೇ ಕೆಳಗಿನ ಅಂಚೆ ಪೆಟ್ಟಿಗೆಯ ಮೇಲೂ ಕರೆಗಂಟೆಯ ಪಕ್ಕದಲ್ಲೂ ನಿಮ್ಮ ಹೆಸರು ಹಾಕಿ. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ರಸ್ತೆ ಮತ್ತು ಕಟ್ಟಡದ ಸಂಖ್ಯೆ ಮಾತ್ರ ಇರುತ್ತದೆ. ‘ಎರಡನೇ ಮಹಡಿ, ಗಣೇಶನ ಗುಡಿ ಹಿಂಭಾಗ’ ಎಂದು ಬರೆಯುವ ರೂಢಿಯಿಲ್ಲ. ಹೆಸರು ಕಾಣದಿದ್ದರೆ ಪತ್ರ ಕಳುಹಿಸಿದವರಿಗೇ ಹಿಂದಿರುಗುತ್ತದೆ.

ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಆಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲೇ ಬರುತ್ತದೆ. ಬ್ಯಾಂಕ್ ಕಾರ್ಡ್, ಆರೋಗ್ಯ ವಿಮೆಯ ಕಾರ್ಡ್ ಕೂಡ ಸಾಮಾನ್ಯವಾಗಿ ಹಾಗೆಯೇ. ಊರಿನಲ್ಲಿ ಮೊಬೈಲಿನ ಒಟಿಪಿಯಲ್ಲೇ ಕೆಲಸ ಮುಗಿಸಿದವರಿಗೆ ಇದು ನಿಜಕ್ಕೂ ತಲೆ ಚಿಟ್ಟು ಹಿಡಿಸುತ್ತದೆ.

ನಮ್ಮವರು ಎಡವುವುದು ಇನಿಷಿಯಲ್‌ಗಳಲ್ಲಿ. ಪಾಸ್‌ಪೋರ್ಟಿನ ಕೊನೆಯ ಹೆಸರು ಅಪ್ಪನದೋ ಊರಿನದೋ ಆಗಿದ್ದರೆ ಪತ್ರಗಳೂ ಆ ಹೆಸರಿಗೇ ಬರುತ್ತವೆ. ಅದನ್ನೇ ದೊಡ್ಡದಾಗಿ ಬರೆಯಿರಿ. ಗಂಡ ಹೆಂಡತಿಯ ಕೊನೆಯ ಹೆಸರು ಬೇರೆಯಾಗಿದ್ದರೆ ಎರಡೂ ಇರಲಿ. ಸ್ನೇಹಿತರ ಮನೆಯಲ್ಲಿ ತಾತ್ಕಾಲಿಕವಾಗಿ ಇರುವವರು ವಿಳಾಸದಲ್ಲಿ ‘ಸಿ/ಒ’ ಎಂದು ಅವರ ಹೆಸರನ್ನೂ ಸೇರಿಸಿ. ಸರಿಯಾದ ಫಲಕ ಬರುವವರೆಗೆ ಕಾಗದದ ಚೀಟಿಯ ಮೇಲೆ ಪಾರದರ್ಶಕ ಟೇಪ್ ಹಚ್ಚಿದರೂ ಸಾಕು, ಶಾಯಿ ಮಳೆಗೆ ಹರಡುವುದಿಲ್ಲ.